ಮೇಲಿನ ಗದ್ದೆಯವನ ಹೊಣೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮದ್ರಸದಲ್ಲಿ ಸೂರಃ ಅರ್ರಹ್ಮಾನ್‌ನ ಆರಂಭದ ಸೂಕ್ತಗಳ ಪಾಠ ನಡೆಯುತ್ತಿತ್ತು. ಅಲ್ಲಾಹನು ಆಕಾಶವನ್ನು ಎತ್ತರದಲ್ಲಿ ನಿಲ್ಲಿಸಿ, ಸೃಷ್ಟಿಯಲ್ಲಿ ಒಂದು 'ಮೀಝಾನ್' ಅಂದರೆ ತೂಕವನ್ನು ಇಟ್ಟಿದ್ದಾನೆ, ಆ ತೂಕವನ್ನು ಮೀರಬಾರದೆಂದು ಮನುಷ್ಯನಿಗೆ ಆಜ್ಞಾಪಿಸಿದ್ದಾನೆ ಎಂದು ಮಕ್ಕಳಿಗೆ ವಿವರಿಸುತ್ತಿದ್ದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ಮನೆ ಕಾವೇರಿಯ ದಡದಲ್ಲಿತ್ತು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ, ಅವನು ತೀರಾ ಚಿಕ್ಕವನಿದ್ದಾಗ, ಅದು ಕುಸಿದುಹೋಗಿತ್ತು.

"ಉಸ್ತಾದ್, ನಮ್ಮ ಮನೆ ಹೋದದ್ದು ನಮ್ಮ ಉಪ್ಪ ಮಾಡಿದ ತಪ್ಪಿಗಾ?"

ಯಾರೋ ದೊಡ್ಡವರು ಅವನೆದುರು ಹಾಗೆ ಆಡಿದ್ದರಂತೆ. "ಅಲ್ಲ ಮೋನೇ, ಕೂತುಕೋ" ಎಂದೆ. ಆದರೆ ಅಷ್ಟು ಹೇಳಿದರೆ ಸಾಲದೆಂದು ನನಗೇ ಅನಿಸಿತು. ಆ ಮಗುವಿಗೆ ಕೊಡಬೇಕಾದ ಪೂರ್ತಿ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಮಳೆ ಅಲ್ಲಾಹನ ಆಜ್ಞೆಯಿಂದ ಬೀಳುತ್ತದೆ. ಅದರ ಪ್ರಮಾಣ ನಮ್ಮ ಕೈಯಲ್ಲಿಲ್ಲ. ಆದರೆ ಬಿದ್ದ ಮಳೆ ಎಲ್ಲಿ ಇಂಗಬೇಕು, ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಹರಿಯಬೇಕು ಎಂಬುದರಲ್ಲಿ ನಮ್ಮ ಕೈವಾಡವಿದೆ. ನೆಲ ಜಲಗಳಲ್ಲಿ ತಲೆದೋರುವ ಕೆಡುಕಿಗೆ ಮನುಷ್ಯರ ಕೈಗಳ ಗಳಿಕೆಯೇ ಕಾರಣವೆಂದು ಸೂರಃ ಅರ್ರೂಮ್‌ನ 41ನೆಯ ಸೂಕ್ತ ನಮ್ಮನ್ನು ಎಚ್ಚರಿಸುತ್ತದೆ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕೆಡಿಸಿದ ಕೈಗಳು ಒಬ್ಬರದಾದರೆ ಅದರ ಫಲವನ್ನು ಉಣ್ಣುವವರು ಅನೇಕ ವೇಳೆ ಬೇರೆಯವರು. ಗುಡ್ಡದ ಮೇಲೆ ನಡೆದದ್ದರ ಬೆಲೆಯನ್ನು ಹೊಳೆಯ ದಡದವನು ತೆರುತ್ತಾನೆ. ದಡದಲ್ಲಿ ಮನೆ ಕಟ್ಟಿದವರಲ್ಲಿ ಹೆಚ್ಚಿನವರು ಬೇರೆಡೆ ಜಾಗ ಕೊಳ್ಳಲಾಗದ ಕೂಲಿ ಕಾರ್ಮಿಕರು. ಅವರ ಕಷ್ಟವನ್ನು ಅವರ ಪಾಪದ ಲೆಕ್ಕಕ್ಕೆ ಹಚ್ಚುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಹಿರಿಯರು ಜೋಡಿಸಿದ ನೆಲ

ನಮ್ಮ ಕೊಡಗಿನ ನೆಲವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಬೆಟ್ಟದ ನೆತ್ತಿಯಲ್ಲಿ ಕಾಡು ಮತ್ತು ಹುಲ್ಲುಗಾವಲು. ಅದರ ಕೆಳಗೆ ಬಾಣೆ. ಗದ್ದೆಗೆ ಬೇಕಾದ ಸೊಪ್ಪು, ಸೌದೆ, ದನಗಳ ಮೇವು ಈ ಬಾಣೆಯಿಂದಲೇ ಬರಬೇಕೆಂದು ಹಿಂದಿನವರು ಗದ್ದೆಯ ಜೊತೆ ಬಾಣೆಯನ್ನೂ ಸೇರಿಸಿ ಕೊಡುತ್ತಿದ್ದರು. ಇಳಿಜಾರಿನಲ್ಲಿ ಮರಗಳ ನೆರಳಿನಲ್ಲಿ ಕಾಫಿ ತೋಟ. ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ನಡುವೆ ತೋಡು. ಗದ್ದೆಯ ಅಂಚಿನ ಎತ್ತರದ ಜಾಗದಲ್ಲಿ ಮನೆ.

ಈ ಜೋಡಣೆಯಲ್ಲಿ ಪ್ರತಿಯೊಂದಕ್ಕೂ ಕೆಲಸವಿದೆ. ಮೇಲಿನ ಕಾಡು ಮಳೆಯ ಹೊಡೆತವನ್ನು ತಡೆದು ನೀರನ್ನು ಮಣ್ಣಿಗೆ ಇಳಿಸುತ್ತದೆ. ತೋಟದ ಮರಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ, ತರಗೆಲೆ ಗೊಬ್ಬರವಾಗುತ್ತದೆ. ಬದು ಕಟ್ಟಿದ ಗದ್ದೆಗಳು ಮಳೆಗಾಲದಲ್ಲಿ ಸಾಲು ಸಾಲು ಕೆರೆಗಳಂತೆ ನೀರನ್ನು ನಿಲ್ಲಿಸಿ, ಹೊಳೆಗೆ ನಿಧಾನವಾಗಿ ಬಿಡುತ್ತವೆ. ಇಂಗಿದ ನೀರು ಬೇಸಿಗೆಯಲ್ಲಿ ಬಾವಿಗೆ ಬರುತ್ತದೆ. ಅದೇ ಗದ್ದೆಯಲ್ಲಿ ಮನುಷ್ಯನಿಗೆ ಅನ್ನ, ಏಡಿ ಕಪ್ಪೆಗಳಿಗೆ ವಾಸ, ಕೊಕ್ಕರೆಗೆ ಆಹಾರ.

ಕಾಫಿ ನಮ್ಮ ನಾಡಿನ ಗಿಡವಲ್ಲ. ಹಜ್ ಯಾತ್ರೆ ಮುಗಿಸಿ ಬರುವಾಗ ಬಾಬಾ ಬುಡನ್‌ರವರು ಯಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿಯಿದೆ. ಅದರ ಮೂಲ ಇಥಿಯೋಪಿಯದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡ. ಆದುದರಿಂದಲೇ ಅತ್ತಿ, ಹಲಸು, ನಂದಿ, ಬೀಟೆ, ಹಾಲುವಾಣ ಮರಗಳ ನೆರಳಿಗೆ ಅದು ಹೊಂದಿಕೊಂಡಿತು. ಇನ್ನೊಂದು ಸೋಜಿಗ ನೋಡಿ. ರೊಬಸ್ಟಾ ಕಾಫಿಯ ಹೂ ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿ ಮತ್ತು ಜೇನ್ನೊಣಗಳು ತರಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಹೆಜ್ಜೇನು ಮತ್ತು ತುಡುವೆ ಜೇನು ಹತ್ತಿರದ ಕಾಡಿನಿಂದಲೇ ಬರುತ್ತವೆ. ಕಾಡನ್ನು ಉಳಿಸಿಕೊಂಡವನಿಗೆ ಕೂಲಿ ಕೇಳದ ಕೆಲಸಗಾರರನ್ನು ಅಲ್ಲಾಹನು ಕಳುಹಿಸುತ್ತಾನೆ.

ತೂಕ ತಪ್ಪಿದ್ದು ಎಲ್ಲಿ?

ಇಂದು ಈ ಜೋಡಣೆ ಒಂದೊಂದೇ ಕಡೆ ಬಿಚ್ಚುತ್ತಿದೆ. ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯದ ಸಿಲ್ವರ್ ಓಕ್ ಬಂದಿದೆ. ಅದು ಬೇಗ ಬೆಳೆಯುತ್ತದೆ, ನೆಟ್ಟಗಿರುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರುವುದೂ ಸುಲಭ. ಬೆಳೆಗಾರನನ್ನು ಮಾತ್ರ ದೂರಿದರೆ ನ್ಯಾಯವಾಗದು. 'ಅನ್‌ರಿಡೀಮ್ಡ್' ಎಂದು ಕರೆಯಲಾಗುವ ಜಮೀನುಗಳಲ್ಲಿ ಕಾಡುಮರಗಳ ಮೇಲೆ ಸರಕಾರದ ಹಕ್ಕಿದೆ. ತನ್ನದಲ್ಲದ ಮರವನ್ನು ಸಾಕುವ ಉತ್ಸಾಹ ಯಾರಿಗಿರುತ್ತದೆ? ಆದರೂ ಅತ್ತಿಯ ಹಣ್ಣನ್ನು ತಿನ್ನುವ ಹಕ್ಕಿಗೆ ಸಿಲ್ವರ್ ಓಕ್ ಏನನ್ನೂ ಕೊಡುವುದಿಲ್ಲ. ಅದರ ಎಲೆ ಮಣ್ಣಾಗುವುದೂ ನಿಧಾನ.

ಭತ್ತದಲ್ಲಿ ಗಿಟ್ಟುವುದಿಲ್ಲವೆಂದು ಗದ್ದೆಗಳು ಪಾಳು ಬಿದ್ದಿವೆ, ಇಲ್ಲವೇ ಶುಂಠಿಗೆ ಗುತ್ತಿಗೆ ಹೋಗಿವೆ, ಇಲ್ಲವೇ ಮಣ್ಣು ತುಂಬಿ ಮನೆ ಮತ್ತು ಅಂಗಡಿಗಳಾಗಿವೆ. ರಸ್ತೆಗೆ, ರೆಸಾರ್ಟಿಗೆ, ಮನೆಗೆ ಗುಡ್ಡದ ಬುಡವನ್ನು ಯಂತ್ರದಿಂದ ನೆಟ್ಟಗೆ ಕಡಿಯಲಾಗುತ್ತಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲಗಳ ಸುತ್ತಮುತ್ತ ಗುಡ್ಡಗಳು ಜಾರಿದವು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬಳಿ ಮತ್ತೆ ಜೀವಹಾನಿಯಾಯಿತು. ಅಪಾರ ಮಳೆಯೇ ಮೊದಲ ಕಾರಣವೆಂಬುದು ನಿಜ. ಆದರೆ ಇಳಿಜಾರನ್ನು ಮನಬಂದಂತೆ ಕಡಿದದ್ದು ಕುಸಿತಕ್ಕೆ ದಾರಿಯಾಯಿತೆಂದು 2018ರ ದುರಂತದ ಬಳಿಕ ಭೂವಿಜ್ಞಾನಿಗಳೂ ಎತ್ತಿ ಹೇಳಿದರು.

ಮದೀನಾದ ಪಾಠ

ಮದೀನಾದಲ್ಲಿ ಮಹ್‌ಝೂರ್ ಎಂಬ ತೋಡಿನ ನೀರಿನ ಬಗ್ಗೆ ತಕರಾರು ಬಂದಾಗ ಪ್ರವಾದಿವರ್ಯ(ಸ)ರು ನೀಡಿದ ತೀರ್ಪು ಅಬೂ ದಾವೂದ್ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿದೆ. ಮೇಲಿನ ಹೊಲದವನು ಹರಡುಗಂಟಿನ ಮಟ್ಟಕ್ಕೆ ನೀರು ನಿಲ್ಲಿಸಿಕೊಂಡು ಉಳಿದುದನ್ನು ಕೆಳಗಿನವನಿಗೆ ಬಿಡಬೇಕು ಎಂಬುದು ಅದರ ಸಾರ. ನಾಟಿ ಗದ್ದೆಯಲ್ಲಿ ಇಳಿದವರಿಗೆ ಈ ಅಳತೆ ಚೆನ್ನಾಗಿ ಗೊತ್ತು. ಮೇಲಿನವನಿಗೆ ಮೊದಲ ಹಕ್ಕಿದೆ. ಆದರೆ ಅವನ ಹಕ್ಕಿಗೆ ಒಂದು ಅಳತೆಯಿದೆ, ಕೆಳಗಿನವನ ನೆನಪು ಅವನಿಗಿರಬೇಕು.

ಮದೀನಾದ ಸುತ್ತಲ ಪ್ರದೇಶವನ್ನು ಪ್ರವಾದಿ(ಸ)ರು ಹರಮ್ ಎಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. 'ಹಿಮಾ' ಎಂಬ ಸಂರಕ್ಷಿತ ಹುಲ್ಲುಗಾವಲುಗಳೂ ಇದ್ದವು. ಖಲೀಫಾ ಉಮರ್(ರ)ರು ಇಂಥ ಒಂದು ಹಿಮಾಕ್ಕೆ ಮೇಲ್ವಿಚಾರಕನನ್ನು ನೇಮಿಸಿದಾಗ, ನಾಲ್ಕಾರು ಒಂಟೆ, ಕುರಿಗಳಿರುವ ಬಡವನನ್ನು ಒಳಗೆ ಬಿಡು, ಶ್ರೀಮಂತರಾದ ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಹಿಂಡುಗಳನ್ನು ಬಿಡಬೇಡ ಎಂದು ತಾಕೀತು ಮಾಡಿದ್ದು ಬುಖಾರಿಯಲ್ಲಿದೆ. ಶ್ರೀಮಂತರಿಗೆ ತೋಟ, ಹೊಲಗಳ ಆಸರೆಯಿದೆ, ಬಡವನಿಗೆ ಅದಿಲ್ಲ ಎಂಬುದೇ ಕಾರಣ. ನೆಲವನ್ನು ಕಾಯುವುದು ಮತ್ತು ಬಡವನನ್ನು ಕಾಯುವುದು ಅವರಿಗೆ ಬೇರೆ ಬೇರೆಯಾಗಿರಲಿಲ್ಲ.

ಕೊಡಗಿನಲ್ಲಿ ಸುಮಾರು 1200 ದೇವರಕಾಡುಗಳಿವೆ. 1905ರಲ್ಲಿ ಆರು ಸಾವಿರ ಹೆಕ್ಟೇರಿಗೂ ಹೆಚ್ಚಿದ್ದ ಅವುಗಳ ವಿಸ್ತಾರ 1985ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾಗಿತ್ತೆಂದು ದಾಖಲೆಗಳು ಹೇಳುತ್ತವೆ. ಅಲ್ಲಿನ ಆರಾಧನೆ ನಮ್ಮದಲ್ಲ. ಆದರೆ ಆ ಕಾಡಿನ ಅಡಿಯಿಂದ ಹುಟ್ಟುವ ನೀರನ್ನು ನಾವೂ ಕುಡಿಯುತ್ತೇವೆ. ನೆರೆಯವರ ಶ್ರದ್ಧೆಯನ್ನು ಗೌರವಿಸಿ, ಅದರ ಅಂಚನ್ನು ಒತ್ತುವರಿ ಮಾಡದಿರುವುದು ನಮ್ಮ ಕರ್ತವ್ಯ.

ನನ್ನದೇ ಒಂದು ತಪ್ಪು

ಇದನ್ನು ಬರೆಯುವಾಗ ನನ್ನದೊಂದು ತಪ್ಪನ್ನು ಮರೆಮಾಡಲಾರೆ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಮಸೀದಿಯ ಅಂಗಳದ ಹಲಸಿನ ಮರವನ್ನು ಕಡಿದು, ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಸಲು ಜಮಾಅತ್ ಕಮಿಟಿ ನಿರ್ಧರಿಸಿತು. ದಿನವೂ ತರಗೆಲೆ ಗುಡಿಸುವ ಕಷ್ಟ ತಪ್ಪುತ್ತದೆಂದು ನಾನೂ ಒಪ್ಪಿದೆ. ಮೊದಲ ದೊಡ್ಡ ಮಳೆಗೇ ಅಂಗಳದ ನೀರೆಲ್ಲ ಮೆಟ್ಟಿಲಿಳಿದು ಕೆಳಗಿನ ಮನೆಗೆ ನುಗ್ಗಿತು. ಅಲ್ಲಿ ಒಬ್ಬ ಹಿಂದೂ ತಾಯಿ ಒಂಟಿಯಾಗಿ ವಾಸಿಸುತ್ತಿದ್ದರು. ಅವರು ಬಂದು ಜಗಳವಾಡಲಿಲ್ಲ. "ಉಸ್ತಾದರೇ, ನಿಮ್ಮ ಅಂಗಳದ ಕೆಸರು ನಮ್ಮ ಬಾವಿಗೆ ಬಂದಿದೆ. ಕುಡಿಯಲಿಕ್ಕೆ ನೀರಿಲ್ಲ" ಎಂದಷ್ಟೇ ಹೇಳಿದರು.

ನೆರೆಯವನಿಗೆ ತೊಂದರೆ ಕೊಡುವವನ ಈಮಾನಿನ ಬಗ್ಗೆ ಎಷ್ಟೋ ಜುಮುಅಗಳಲ್ಲಿ ಉಪದೇಶಿಸಿದ್ದ ನಾನು ತಲೆ ತಗ್ಗಿಸಿದೆ. ಆ ವಾರವೇ ಯುವಕರು ಸೇರಿ ಅವರ ಬಾವಿಯನ್ನು ಶುಚಿಗೊಳಿಸಿದರು. ಅಂಗಳದ ಕೆಳಬದಿಯ ಎರಡು ಸಾಲು ಇಂಟರ್‌ಲಾಕ್ ಕಿತ್ತು ಇಂಗುಗುಂಡಿ ತೋಡಿದೆವು. ಸೋಪು ಬೆರೆಯದ ವುಝೂವಿನ ನೀರನ್ನು ಬಾಳೆಗಿಡಗಳಿಗೆ ತಿರುಗಿಸಿದೆವು. ಕಡಿದ ಮರದ ಬದಲಿಗೆ ಒಂದು ಹಲಸಿನ ಸಸಿ ನೆಟ್ಟೆವು. ಕೆಸರು ನಿಂತಿತು. ಆದರೆ ಹಳೆಯ ಮರದ ನೆರಳು ಸಿಗಲು ನಾವು ಇನ್ನೂ ಹಲವು ವರ್ಷ ಕಾಯಬೇಕು.

ನಾವು ಏನು ಮಾಡಬಹುದು?

1. ಮನೆ ಕಟ್ಟುವ ಮೊದಲು ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಒಂದು ಮಳೆಗಾಲವಾದರೂ ನೋಡಿ. ತೋಡನ್ನು ಮುಚ್ಚಬೇಡಿ. ಗುಡ್ಡದ ಬುಡವನ್ನು ನೆಟ್ಟಗೆ ಕಡಿಯಬೇಡಿ.

2. ತೋಟದಲ್ಲಿ ಕಾಫಿ ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲು ಗುಂಡಿ ತೆಗೆಯಿರಿ. ಆದರೆ ತೀರಾ ಕಡಿದಾದ, ಬಿರುಕು ಕಂಡ ಗುಡ್ಡದಲ್ಲಿ ನೀರು ಇಂಗಿಸುವುದೇ ಅಪಾಯ. ಅಲ್ಲಿ ನೀರನ್ನು ಕಾಲುವೆಯಲ್ಲಿ ಮೆಲ್ಲಗೆ ಇಳಿಸಿ ತೋಡಿಗೆ ಬಿಡಬೇಕು.

3. ಸಿಲ್ವರ್ ಓಕ್ ನೆಡುವುದಾದರೆ ನೆಡಿ. ಆದರೆ ಇರುವ ಅತ್ತಿ, ಹಲಸು, ನಂದಿಗಳನ್ನು ಉಳಿಸಿ. ತೋಡಿನ ಎರಡೂ ದಡಗಳಲ್ಲಿ ಗಿಡಮರಗಳ ಪಟ್ಟಿಯನ್ನು ಬಿಡಿ.

4. ಕಾಫಿ ಪಲ್ಪ್ ಮಾಡಿದ ನೀರನ್ನು ಹಾಗೆಯೇ ಹೊಳೆಗೆ ಬಿಡಬೇಡಿ. ಜನರು ಬಳಸುವ ನೀರಿನ ದಾರಿಯನ್ನು ಹೊಲಸು ಮಾಡುವುದು ಶಾಪಕ್ಕೆ ಗುರಿಯಾಗುವ ಕೃತ್ಯವೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

5. ಮಸೀದಿ, ಮದ್ರಸ, ಖಬರಸ್ಥಾನಗಳ ಜಾಗವನ್ನು ಮಾದರಿಯಾಗಿಸಿ. ನೆಟ್ಟ ಮರದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾರು ತಿಂದರೂ ನೆಟ್ಟವನಿಗೆ ಅದು ಸದಖಾ ಆಗುತ್ತದೆಂದು ಬುಖಾರಿ, ಮುಸ್ಲಿಮ್ ವರದಿಗಳಲ್ಲಿದೆ. ತೀರಿಹೋದ ತಂದೆತಾಯಿಯರ ಹೆಸರಿನಲ್ಲಿ ಒಂದು ಹಣ್ಣಿನ ಮರ ನೆಡುವುದಕ್ಕಿಂತ ಸುಲಭವಾದ ದಾನ ಯಾವುದಿದೆ?

ಆ ಹುಡುಗನನ್ನು ಮರುವಾರ ಹತ್ತಿರ ಕರೆದು ಹೇಳಿದೆ: "ಮೋನೇ, ನಿನ್ನ ಉಪ್ಪನ ತಪ್ಪಲ್ಲ. ಮೇಲಿರುವ ನಾವೆಲ್ಲ ನೀರನ್ನು ನೋಡಿಕೊಳ್ಳಬೇಕಾಗಿತ್ತು. ನಾವು ನೋಡಿಕೊಳ್ಳಲಿಲ್ಲ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ನೋಡಿಕೊಳ್ಳುತ್ತೀರಾ ಉಸ್ತಾದ್?" ಎಂದು ಕೇಳಿದ.

ಪ್ರಿಯ ವಾಚಕರೇ, ಈ ಪ್ರಶ್ನೆ ನನ್ನೊಬ್ಬನಿಗೆ ಮಾತ್ರ ಕೇಳಿದ್ದಲ್ಲ. ಭೂಮಿ ನಮ್ಮ ಬಳಿ ಇರುವ ಅಮಾನತ್ತು. ನಾಳೆ ಅದರ ಲೆಕ್ಕ ಕೇಳುವಾಗ ಕೆಳಗಿನ ಗದ್ದೆಯವನೂ ಅಲ್ಲಿ ಸಾಕ್ಷಿಯಾಗಿ ನಿಂತಿರುತ್ತಾನೆ. ಆ ದಿನಕ್ಕಿಂತ ಮುಂಚೆ ನಮ್ಮ ಬದು, ತೋಡು, ಅಂಗಳಗಳನ್ನು ಸರಿಪಡಿಸಿಕೊಳ್ಳಲು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.