ಅಂಚೆಯಲ್ಲಿ ಹೋಗುವ ಹೂವಿಗೆ ರಟ್ಟಿನ ಪೆಟ್ಟಿಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಆನೇಕಲ್ ಭಾಗಗಳಲ್ಲಿ ಪಾಲಿಹೌಸಿನಲ್ಲಿ ಗುಲಾಬಿ, ಕಾರ್ನೇಷನ್, ಜರ್ಬೆರಾ ಬೆಳೆಯುವ ರೈತರು ಬಹುಮಟ್ಟಿಗೆ ಹರಾಜು ಕೇಂದ್ರವನ್ನೋ ವರ್ತಕರನ್ನೋ ನಂಬಿದ್ದಾರೆ. ಹಬ್ಬಕ್ಕೆ, ಮದುವೆ ವಾರ್ಷಿಕೋತ್ಸವಕ್ಕೆ ಉಡುಗೊರೆಯಾಗಿ ಹೂವನ್ನು ನೇರವಾಗಿ ಗಿರಾಕಿಯ ಮನೆಗೆ ಕಳುಹಿಸಿದರೆ ಮಧ್ಯವರ್ತಿಯ ಪಾಲು ಉಳಿಯುತ್ತದೆ. ಆದರೆ ಮಾರುಕಟ್ಟೆಗೆ ಹೋಗುವ ಪೆಟ್ಟಿಗೆಗೂ ಅಂಚೆಗೆ ಹೋಗುವ ಪೆಟ್ಟಿಗೆಗೂ ಬಹಳ ವ್ಯತ್ಯಾಸವಿದೆ. ಹೂವಿನ ಮಾರುಕಟ್ಟೆಯ ಹಮಾಲಿಗೆ ಒಳಗಿರುವುದು ಹೂವೆಂದು ಗೊತ್ತು. ಅಂಚೆಯ ಚೀಲದಲ್ಲಿ ಅದೇ ಪೆಟ್ಟಿಗೆ ಪುಸ್ತಕದ ಕಟ್ಟಿನ ಕೆಳಗೆ, ಮೋಟಾರಿನ ಬಿಡಿಭಾಗದ ಪಕ್ಕದಲ್ಲಿ ಮಲಗಿರುತ್ತದೆ. 'ಹೂವು, ಎಚ್ಚರಿಕೆ' ಎಂದು ಎಷ್ಟು ದೊಡ್ಡದಾಗಿ ಅಚ್ಚು ಹಾಕಿಸಿದರೂ ಅವಸರದಲ್ಲಿ ಅದನ್ನು ಓದುವವರು ಕಡಿಮೆ. ಮೇಲಿನ ಭಾರವನ್ನು ಪೆಟ್ಟಿಗೆಯೇ ಹೊರಬೇಕು, ಹೂವು ಹೊರಬಾರದು.

ಹೂವಿಗೆ ಬಳಸುವುದು ಅಲೆಪದರದ ರಟ್ಟು. ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಯಂತೆ ಮಡಿಸಿದ ಕಾಗದ ಅಂಟಿಸಿದರೆ ಅದು ಮೂರು ಪದರದ (ತ್ರೀ ಪ್ಲೈ) ರಟ್ಟು. ಇನ್ನೊಂದು ಅಲೆ, ಇನ್ನೊಂದು ಚಪ್ಪಟೆ ಕಾಗದ ಸೇರಿದರೆ ಐದು ಪದರ. ಅಲೆಯ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು ಟೋಪಿಯ ಒಳಪದರಕ್ಕಾಗಿ. ಸರಕು ಸುತ್ತಲು ಅದು ಬಳಕೆಗೆ ಬಂದದ್ದು ಆಮೇಲೆ. ಅಲೆಯ ಎತ್ತರದಲ್ಲೂ ಬಗೆಗಳಿವೆ. 'ಸಿ' ಅಲೆ ಸುಮಾರು 3.6 ಮಿಲಿಮೀಟರ್, 'ಬಿ' ಅಲೆ ಸುಮಾರು 2.5, 'ಇ' ಅಲೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. 'ಇ' ಅಲೆಯ ಮೇಲೆ ಅಚ್ಚು ಅಂದವಾಗಿ ಮೂಡುತ್ತದೆ. ಉಡುಗೊರೆಯ ಚಿಕ್ಕ ಪೆಟ್ಟಿಗೆಗೆ ಅದು ಸರಿ. ಭಾರ ತಡೆಯಲು 'ಬಿ' ಅಥವಾ 'ಸಿ' ಬೇಕು.

ಪೆಟ್ಟಿಗೆ ಕೊಳ್ಳುವಾಗ ಕತ್ತರಿಸಿದ ಅಂಚನ್ನು ನೋಡಬೇಕು. ಪಕ್ಕದ ಗೋಡೆಗಳಲ್ಲಿ ಅಲೆಯ ಏಣುಗಳು ಕಂಬದ ಹಾಗೆ ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿದ್ದರೆ ಅದು ಬೇಗ ಕುಸಿಯುತ್ತದೆ. ಭಾರದ ಬಹುಪಾಲನ್ನು ನಾಲ್ಕು ಮೂಲೆಗಳೇ ಹೊರುತ್ತವೆ. ಆದ್ದರಿಂದ ಗಾಳಿಯ ರಂಧ್ರಗಳು ಮೂಲೆಯಿಂದ ದೂರ, ಗೋಡೆಯ ನಡುವೆ ಇರಬೇಕು. ಎಲ್ಲೆಂದರಲ್ಲಿ ರಂಧ್ರ ಕೊರೆಯುವುದು ಮನೆಯ ಕಂಬವನ್ನು ಕೊಯ್ದಂತೆ.

ಇನ್ನು ಮುದ್ರಣ. ಪೆಟ್ಟಿಗೆಯ ತುಂಬಾ ಗಾಢ ಬಣ್ಣ ಬಳಿಸುವ ಆಸೆ ಹಲವರಿಗೆ ಉಂಟು. ಅಚ್ಚಿನ ಉರುಳೆಗಳ ಒತ್ತಡಕ್ಕೆ ಅಲೆಗಳು ನಜ್ಜಾಗುತ್ತವೆ, ಬಣ್ಣದ ತೇವವನ್ನು ಕಾಗದ ಹೀರುತ್ತದೆ. ಅಚ್ಚು ಹೆಚ್ಚಿದಷ್ಟೂ ರಟ್ಟಿನ ಬಲ ಕುಗ್ಗುತ್ತದೆ. ಒಂದೇ ಬಣ್ಣದಲ್ಲಿ ತೋಟದ ಹೆಸರು, ಒಂದು ಚಿಕ್ಕ ಚಿತ್ರ, ಮೇಲ್ಮುಖದ ಬಾಣದ ಗುರುತು ಇದ್ದರೆ ಸಾಕು. ತಳಿ, ಕಡ್ಡಿಗಳ ಸಂಖ್ಯೆ, ಕೊಯ್ದ ದಿನ ಇವು ಪ್ರತಿ ಸಲ ಬದಲಾಗುವುದರಿಂದ ಚೀಟಿಯಲ್ಲಿ ಬರೆದು ಅಂಟಿಸುವುದು ಲೇಸು. ಹೊಸಬರು ಸಾವಿರಗಟ್ಟಲೆ ಅಚ್ಚು ಹಾಕಿಸದೆ ಸಾದಾ ಪೆಟ್ಟಿಗೆ ಕೊಂಡು ಮುದ್ರಿತ ಚೀಟಿ ಹಚ್ಚಿ ಒಂದು ಹಂಗಾಮು ನೋಡಬಹುದು. ಬಣ್ಣಕ್ಕೆ ಹಾಕುವ ಹಣವನ್ನು ರಟ್ಟಿಗೆ ಹಾಕಿದರೆ ಹೂವು ಉಳಿಯುತ್ತದೆ.

ರಟ್ಟಿನ ದೊಡ್ಡ ವೈರಿ ತೇವ. ಗಾಳಿಯ ಆರ್ದ್ರತೆ ಶೇಕಡಾ 50ರಿಂದ 90ಕ್ಕೆ ಏರಿದರೆ ಪೆಟ್ಟಿಗೆಯ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೂವೋ ಸದಾ ತೇವ ಬಿಡುವ ವಸ್ತು! ಬಿಸಿಲಿನ ಕಾವು ಆರದ ಹೂವನ್ನು ತುಂಬಿ ಮುಚ್ಚಿದರೆ ಒಳಗೆ ಹನಿಗಟ್ಟಿ ರಟ್ಟು ಮೆತ್ತಗಾಗುತ್ತದೆ, ದಳಗಳಿಗೆ ಬೂದು ಬೂಷ್ಟು ಹತ್ತುತ್ತದೆ. ಗುಲಾಬಿಯನ್ನು ಬಿಗಿ ಮೊಗ್ಗಿನಲ್ಲಿ, ತಂಪು ಹೊತ್ತಿನಲ್ಲಿ ಕೊಯ್ದು ತಕ್ಷಣ ನೀರಿನಲ್ಲಿಟ್ಟು, 2ರಿಂದ 4 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ತಣಿಸಿ, ಎಲೆ ಮತ್ತು ದಳದ ಮೇಲಿನ ನೀರು ಆರಿದ ಮೇಲೆಯೇ ತುಂಬಬೇಕು. ಖಾಲಿ ಪೆಟ್ಟಿಗೆಗಳನ್ನು ಹಲಗೆಯ ಮೇಲೆ ಒಣಗಿದ ಕೋಣೆಯಲ್ಲಿ ಇಡಬೇಕು. ಗೊಬ್ಬರ, ಔಷಧಿಗಳ ಜೊತೆಯಲ್ಲಿ ಬೇಡ.

ತುಂಬುವಾಗ ಮೊಗ್ಗಿನ ತಲೆಗಳಿಗೆ ಒಂದು ಮುಖ ಬಿಟ್ಟ ಅಲೆಕಾಗದವನ್ನು ಸುತ್ತಿ, ಪೆಟ್ಟಿಗೆಯ ತುದಿಯಿಂದ ನಾಲ್ಕು ಬೆರಳು ದೂರವಿಟ್ಟು, ಕಡ್ಡಿಗಳ ಮೇಲೆ ಅಡ್ಡಪಟ್ಟಿ ಬಿಗಿದರೆ ಕಟ್ಟು ಜಾರುವುದಿಲ್ಲ. ಉಬ್ಬುವಂತೆ ತುರುಕಿದರೆ ಮುಚ್ಚಳದ ಭಾರ ದಳದ ಮೇಲೆ ಬೀಳುತ್ತದೆ. ಜರ್ಬೆರಾಕ್ಕೆ ತೂತುಗಳಿರುವ ರಟ್ಟಿನ ಹಾಳೆ ಬೇಕು. ಕಡ್ಡಿ ಕೆಳಗಿಳಿದು ಹೂವು ಹಾಳೆಯ ಮೇಲೆ ನಿಲ್ಲುತ್ತದೆ. ಗ್ಲಾಡಿಯೋಲಸ್ ಅಂಚೆಗೆ ಹೇಳಿಸಿದ ಹೂವಲ್ಲ. ಅದನ್ನು ಮಲಗಿಸಿದರೆ ತುದಿ ಮೇಲಕ್ಕೆ ಬಾಗುತ್ತದೆ, ಅಂಚೆಯ ಚೀಲದಲ್ಲಿ ಪೆಟ್ಟಿಗೆ ನೆಟ್ಟಗೆ ನಿಂತಿರುವುದೆಂಬ ಭರವಸೆಯಿಲ್ಲ. ಉಡುಗೊರೆ ಚೆನ್ನಾಗಿರಲೆಂದು ಕಾರ್ನೇಷನ್ ಜೊತೆಗೆ ಮಾಗಿದ ಮಾವು, ಬಾಳೆ ಇಡುವುದೂ ತಪ್ಪು. ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಹೂವು ಮುದುಡಿಕೊಳ್ಳುತ್ತದೆ. ಶಂಕರಪುರದ ಮಲ್ಲಿಗೆಗೆ ಬಾಳೆಎಲೆಯ ಕಟ್ಟು ಇಂದಿಗೂ ಒಪ್ಪುವಂಥದು. ಅದಕ್ಕೆ ರಟ್ಟು ಹೊರಕವಚ ಮಾತ್ರ.

ಅಳತೆಯಲ್ಲೂ ಹಣವಿದೆ. ಹಲವು ಕೊರಿಯರ್‌ಗಳು ಹಗುರವಾದ ದೊಡ್ಡ ಪಾರ್ಸೆಲ್‌ಗೆ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನು ಕಿಲೋ ತೂಕವೆಂದು ಲೆಕ್ಕ ಹಿಡಿಯುತ್ತವೆ. 60, 20, 12ರ ಪೆಟ್ಟಿಗೆಗೆ ಇದು 2.88 ಕಿಲೋ, 60, 16, 10ರದಕ್ಕೆ 1.92. ಹೂವಿನ ನಿಜ ತೂಕ ಎರಡರಲ್ಲೂ ಒಂದೇ ಆದರೂ ದರ ಬೇರೆ. ಕಡ್ಡಿಯ ಉದ್ದ ನೋಡಿ ಪೆಟ್ಟಿಗೆ ಮಾಡಿಸಬೇಕೇ ಹೊರತು ಸಿಕ್ಕ ಪೆಟ್ಟಿಗೆಗೆ ಹೂವನ್ನು ಹೊಂದಿಸಬಾರದು.

ತಯಾರಕರಿಗೆ ಪೂರ್ತಿ ಹಣ ಕೊಡುವ ಮೊದಲು ಹತ್ತು ಪೆಟ್ಟಿಗೆ ತರಿಸಿ ಪರೀಕ್ಷಿಸುವುದು ಸುಲಭ. ಮುಚ್ಚಿದ ಖಾಲಿ ಪೆಟ್ಟಿಗೆಯ ಮೇಲೆ ಹಲಗೆ ಇಟ್ಟು 20 ಕಿಲೋ ಭಾರವನ್ನು ಶೈತ್ಯಕೋಣೆಯಲ್ಲಿ ರಾತ್ರಿಯಿಡೀ ಹೇರಬೇಕು. ಬೆಳಿಗ್ಗೆ ಮೂಲೆಗಳು ಮಡಿಸಿರಬಾರದು. ತುಂಬಿದ ಇನ್ನೊಂದನ್ನು ಸೊಂಟದೆತ್ತರದಿಂದ ಮೂಲೆಯ ಮೇಲೆ ಬೀಳಿಸಿ ತೆರೆದು ನೋಡಬೇಕು. ಆಮೇಲೆ ಹೂ ತುಂಬಿದ ಎರಡು ಪಾರ್ಸೆಲ್‌ಗಳನ್ನು ಸ್ಪೀಡ್ ಪೋಸ್ಟಿನಲ್ಲಿ ದೂರದ ನೆಂಟರ ವಿಳಾಸಕ್ಕೆ ಕಳುಹಿಸಿ, ಎಷ್ಟನೆಯ ದಿನ ತಲುಪಿತು, ಎಷ್ಟು ಮೊಗ್ಗು ಮುರಿಯಿತು, ಹೂದಾನಿಯಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಇದನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮಾಡಿದ ಮೇಲೆಯೇ ಗಿರಾಕಿಗಳಿಂದ ಮುಂಗಡ ಪಡೆಯುವುದು ಕ್ಷೇಮ.