ಕಾಲಿಗೆ ಪ್ಲಾಸ್ಟರ್ ಇದ್ದಾಗ ವಿಮಾನ ಪ್ರಯಾಣ

ಪ್ರಶ್ನೆ: ಮೆಟ್ಟಿಲು ಜಾರಿ ಬಿದ್ದು ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೇನೆ. ಮುಂದಿನ ತಿಂಗಳು ಕೊಯಮತ್ತೂರಿನಿಂದ ದೆಹಲಿಗೆ ಹೋಗಬೇಕು. ಭದ್ರತಾ ತಪಾಸಣೆಯಲ್ಲಿ ಪ್ಲಾಸ್ಟರ್ ಬಿಚ್ಚಿಸುತ್ತಾರೆಯೇ? ವೈದ್ಯರ ಪತ್ರ ತೋರಿಸಿದರೆ ತಪಾಸಣೆ ತಪ್ಪುತ್ತದೆಯೇ?
– ಓದುಗರು, ಅವಿನಾಶಿ, ತಿರುಪ್ಪೂರು ಜಿಲ್ಲೆ

ಉತ್ತರ: ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಟಿಕೆಟ್ ಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ವಿಮಾನ ಕಂಪನಿಗೆ ತಿಳಿಸಿ ಗಾಲಿಕುರ್ಚಿ ಕೇಳುವುದು. ಪ್ರಯಾಣಕ್ಕೆ 48 ಗಂಟೆ ಮೊದಲೇ ತಿಳಿಸಿದರೆ ಒಳ್ಳೆಯದು. ಸಮತಟ್ಟಾದ ಕಡೆ ಊರುಗೋಲಿನಲ್ಲಿ ನಡೆಯಬಲ್ಲಿರಾ, ಮೆಟ್ಟಿಲು ಹತ್ತಬಲ್ಲಿರಾ ಎಂಬುದನ್ನು ಬಿಡಿಸಿ ಹೇಳಿ. ಏರೋಬ್ರಿಜ್ ಇಲ್ಲದ ಕಡೆ ವಿಮಾನ ನಿಂತರೆ ಏಣಿಯನ್ನೇ ಹತ್ತಬೇಕಾಗುತ್ತದೆ. ಅದಕ್ಕೆ ಬೇರೆ ವ್ಯವಸ್ಥೆ ಬೇಕು.

ಈಗ ತಪಾಸಣೆ. ನಮ್ಮ ಪ್ರಮುಖ ವಿಮಾನ ನಿಲ್ದಾಣಗಳಲ್ಲಿ ಹೆಚ್ಚಾಗಿ ಇದನ್ನು ನಡೆಸುವವರು ಸಿಐಎಸ್‌ಎಫ್ ಸಿಬ್ಬಂದಿ. ಊರುಗೋಲು ಬ್ಯಾಗಿನ ಜೊತೆ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ನೀವು ನಿಲ್ಲಲಾರದಿದ್ದರೆ ಹಾಗೆಂದು ಹೇಳಿ. ಕುಳಿತಲ್ಲೇ ಕೈಯಿಂದಲೂ ಲೋಹಶೋಧಕದಿಂದಲೂ ಪರೀಕ್ಷಿಸುತ್ತಾರೆ. ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ಪರದೆಯೊಳಗೆ ಪರೀಕ್ಷಿಸುತ್ತಾರೆ. ಗಟ್ಟಿ ಪ್ಲಾಸ್ಟರನ್ನು ಕತ್ತರಿಸುವುದು ವೈದ್ಯರ ಕೆಲಸ, ಅವರದಲ್ಲ. ಹೆಚ್ಚೆಂದರೆ ಅದರ ಮೇಲೆ ಒಂದು ಪಟ್ಟಿಯನ್ನು ಉಜ್ಜಿ, ಸ್ಫೋಟಕದ ಅಂಶವಿದೆಯೇ ಎಂದು ಯಂತ್ರದಲ್ಲಿ ನೋಡಬಹುದು. ಬಿಚ್ಚಿ ಹಾಕಿಕೊಳ್ಳುವ ಬೂಟಾದರೆ ಮಾತ್ರ ತೆಗೆಯಲು ಕೇಳಬಹುದು.

ವೈದ್ಯರ ಪತ್ರದ ಬಗ್ಗೆ ಅನೇಕರಿಗೆ ನಿಮ್ಮಂತೆಯೇ ಅನುಮಾನವಿರುತ್ತದೆ. ಪತ್ರದಿಂದ ತಪಾಸಣೆ ತಪ್ಪುವುದಿಲ್ಲ. ಮೂಳೆಗೆ ಲೋಹದ ಪ್ಲೇಟು ಹಾಕಿದ್ದರೆ ಯಂತ್ರ ಏಕೆ ಕೂಗಿತು ಎಂದು ವಿವರಿಸಲು ಅದು ನೆರವಾಗುತ್ತದೆ, ಅಷ್ಟೆ. ಆದರೂ ಜೊತೆಗಿಟ್ಟುಕೊಳ್ಳಿ. ಅದರ ನಿಜವಾದ ಅಗತ್ಯ ಬೀಳುವುದು ವಿಮಾನ ಕಂಪನಿಯ ಕೌಂಟರಿನಲ್ಲಿ.

ಏಕೆಂದರೆ ನಾನು ಹೆಚ್ಚು ಗಮನ ಕೊಡಿ ಎನ್ನುವುದು ತಪಾಸಣೆಗಲ್ಲ, ವಿಮಾನದೊಳಗಿನ ಗಾಳಿಯ ಒತ್ತಡಕ್ಕೆ. ಹಾರುವಾಗ ಅಲ್ಲಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಜಾಗದಷ್ಟಿರುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಮೆಟ್ಟುಪಾಳ್ಯದಿಂದ ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬಿಕೊಳ್ಳುವುದನ್ನು ನೀವು ನೋಡಿಯೇ ಇರುತ್ತೀರಿ. ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡ ಗಾಳಿಯೂ ಹಾಗೆಯೇ ಹಿಗ್ಗುತ್ತದೆ. ಹೊಸ ಗಾಯದ ಕಾಲು ಬೇರೆ ಊದುತ್ತಿರುತ್ತದೆ. ಬಿಗಿಯಾದ ಪ್ಲಾಸ್ಟರಿನೊಳಗೆ ರಕ್ತ ಸಂಚಾರಕ್ಕೇ ತಡೆಯಾಗಬಹುದು. ಹೀಗಾಗಿ ಎರಡು ಗಂಟೆಗಿಂತ ದೀರ್ಘ ಪ್ರಯಾಣವಾದರೆ ಪ್ಲಾಸ್ಟರ್ ಹಾಕಿ 48 ಗಂಟೆಯಾದರೂ ಕಳೆದಿರಬೇಕೆಂದು ಹಲವು ಕಂಪನಿಗಳು ಕೇಳುತ್ತವೆ. ದೆಹಲಿಯ ಹಾರಾಟ ಆ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಪ್ಲಾಸ್ಟರ್ ಹಳೆಯದೇ ಇರಬಹುದು. ಆದರೆ ಹೊರಡುವ ಹಿಂದಿನ ದಿನ ಹೊಸದು ಹಾಕಿಸಿದರೆ ಎಣಿಕೆ ಮತ್ತೆ ಮೊದಲಿನಿಂದ. ತುರ್ತಾಗಿ ಹೋಗಲೇಬೇಕಾದವರಿಗೆ ವೈದ್ಯರು ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಕೊಡುತ್ತಾರೆ.

ತುರ್ತು ನಿರ್ಗಮನದ ಸಾಲಿನಲ್ಲಿ ಕಾಲು ಚಾಚಲು ಜಾಗವಿದೆ ಎಂದು ಆಸೆಪಡಬೇಡಿ, ಅಲ್ಲಿ ನಿಮ್ಮನ್ನು ಕೂರಿಸುವುದಿಲ್ಲ. ಕೊನೆಯದಾಗಿ, ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಹೊರಡುವ ಮೊದಲು ನಿಮ್ಮ ಮೂಳೆ ವೈದ್ಯರನ್ನು ಈ ಬಗ್ಗೆ ತಪ್ಪದೆ ಕೇಳಿ; ಕೆಲವರಿಗೆ ಅವರು ಔಷಧಿಯನ್ನೂ ಬರೆದುಕೊಡುತ್ತಾರೆ.