ಟ್ರ್ಯಾಕಿಗಿಳಿಯುವ ಮೊದಲು

ಬೆಂಗಳೂರಿನಿಂದ ರಾತ್ರಿಯಿಡೀ ಬೈಕ್ ಓಡಿಸಿಕೊಂಡು ಹೋಗಿ, ಬೆಳಗ್ಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ನೇರ ಇಳಿಯುವ ಹುರುಪು ಬೇಡ ಮಾರಾಯರೇ. ಹಿಂದಿನ ಸಂಜೆಯೇ ತಲುಪಿ, ನಿದ್ದೆ ಮಾಡಿ.

ಹೊಸ ಸೈಲೆನ್ಸರಿಗೆ ಸುರಿಯುವ ದುಡ್ಡನ್ನು ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲಿಗೆ ಹಾಕಿ. ಹಳೇ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ನಾಲ್ಕು ಸುತ್ತು ಜೋರಾಗಿ ಬ್ರೇಕ್ ಹಿಡಿದರೆ ಕುದಿದು, ಲಿವರ್ ಮೆತ್ತಗಾಗಿ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ. ಅದೂ ನೇರ ದಾರಿ ಮುಗಿಯುವಲ್ಲಿ!

ಕನ್ನಡಿ ಬಿಚ್ಚಿಡಿ, ಹೆಡ್‌ಲೈಟಿಗೆ ಟೇಪು ಅಂಟಿಸಿ. ಲೆದರ್ ಸೂಟು ಬಾಡಿಗೆಯದಾದರೆ ಅಳತೆ ಮೊದಲೇ ನೋಡಿಕೊಳ್ಳಿ. ಟೈರ್ ಬಿಸಿಯಾದಂತೆ ಗಾಳಿಯ ಒತ್ತಡ ಏರುತ್ತದೆ, ಆಗಾಗ ಅಳೆಯಿರಿ. ಬಾಯಾರುವ ಮುನ್ನವೇ ನೀರು ಕುಡಿಯಿರಿ. ಗೆಳೆಯ ಮುಂದೆ ಹೋದನೆಂದು ಬೆನ್ನಟ್ಟಬೇಡಿ; ಮೊದಲ ಸುತ್ತುಗಳು ಅಲ್ಲಿನ 12 ತಿರುವುಗಳ ಪರಿಚಯಕ್ಕೆ. ಕೈ ಸೋತರೆ ಪಿಟ್ಟಿಗೆ ಬಂದುಬಿಡಿ.